ಹುಸಿಮೀನಿನ ನಡಿಗೆ

ಕಳೆದ ಬೇಸಿಗೆಯಲ್ಲಿ ನಮ್ಮ ಹಾಸ್ಟೆಲ್ ಕೋಣೆಯ ಕಿಟಕಿಯ ಹತ್ತಿರ ಕೆಟ್ಟುಹೋದ ಮೈಕ್ರೋವೇವ್ ಓವನ್ನೊಂದರ ಮೋಟಾರು ಬಂದು ಕೂತಿತು. ಒಳಗಿನ ಗಾಜಿನ ತಟ್ಟೆಯನ್ನು ನಿಧಾನಕ್ಕೆ ತಿರುಗಿಸುತ್ತದಲ್ಲ, ಆ ಮೋಟಾರು. ಅದಕ್ಕೆ ಒಂದು ಅಡ್ಡಕೋಲು ಕಟ್ಟಿ, ಕೋಲಿಗೆ ನಾಲ್ಕು ಮರದ ಮೀನುಗಳನ್ನು ಸಿಕ್ಕಿಸಿ, ನನ್ನ ರೂಮ್‌ಮೇಟು ರಾತ್ರಿಯಿಡೀ ತಿರುಗಲು ಬಿಡುತ್ತಿದ್ದ. ಮೀನಿನ ಮೈಗೆ ಬಳಿದ ಎಪಾಕ್ಸಿ ಅಂಟು ಒಣಗುವ ಮೊದಲೇ ಕೆಳಕ್ಕಿಳಿದು ಹೊಟ್ಟೆಯ ಕಡೆ ಗಡ್ಡೆಯಾಗಬಾರದು, ಅದಕ್ಕೆ ಈ ಪ್ರದಕ್ಷಿಣೆ. ನಾನು ನನ್ನ ಪ್ರಬಂಧದ ಮೂರನೇ ಅಧ್ಯಾಯ ಬರೆಯುತ್ತಾ ಕೂತಿರುತ್ತಿದ್ದೆ. ಎದುರಿಗೆ ನಾಲ್ಕು ಮೀನು ಸುತ್ತುತ್ತಿದ್ದವು.

ಅವನು ಸಸ್ಯಶಾಸ್ತ್ರದ ಸಂಶೋಧಕ, ಶರಾವತಿ ಹಿನ್ನೀರಿನ ಕಡೆಯವನು. ಎರೆಹುಳು ಚುಚ್ಚಿ ಗಾಳ ಹಾಕುವುದನ್ನು ಬಿಟ್ಟು ಮರದಲ್ಲಿ ಮೀನು ಕೆತ್ತಿ, ಬಣ್ಣ ಹಚ್ಚಿ, ಅದನ್ನೇ ನೀರಿಗೆಸೆದು ದೊಡ್ಡ ಮೀನು ಹಿಡಿಯುವ ಹುಚ್ಚು ಅವನಿಗೆ. ಇಂಗ್ಲಿಷಿನಲ್ಲಿ ಇದನ್ನು ಲೂರ್ ಅನ್ನುತ್ತಾರೆ. ನಾನು ಹುಸಿಮೀನು ಎಂದು ಕರೆಯುತ್ತೇನೆ. ನಮ್ಮಲ್ಲಿ ಗಾಳದ ಮಾತೆತ್ತಿದರೆ ಸಾಹಿತ್ಯದವರಿಗೆ ತೇಜಸ್ವಿ ನೆನಪಾಗುತ್ತಾರೆ. ಆದರೆ ನಾನು ಹೇಳಹೊರಟಿರುವುದು ಮೀನು ಹಿಡಿಯುವ ವಿಷಯವಲ್ಲ, ಮೀನಿನ ಚಿತ್ರ ಬರೆಯುವ ವಿಷಯ. ಆ ಚಿತ್ರ ಕಾದಂಬರಿಯ ವಾಸ್ತವವಾದದ ಬಗ್ಗೆ ನಾನು ಬರೆಯುತ್ತಿದ್ದ ಅಧ್ಯಾಯವನ್ನು ಹೇಗೆ ಕೆಡಿಸಿತು ಎಂಬ ವಿಷಯ.

ಮೊದಲು ಕೆಲಸದ ಕ್ರಮ ಹೇಳಿಬಿಡುತ್ತೇನೆ. ಬಾಲ್ಸಾದಂಥ ಹಗುರ ಮರವನ್ನು ಮೀನಿನಾಕಾರಕ್ಕೆ ಕೆತ್ತಿ ಉಜ್ಜಬೇಕು. ನಡುವೆ ಉದ್ದಕ್ಕೂ ತಂತಿ ಕೂರಿಸಬೇಕು, ಹೊಟ್ಟೆಯಲ್ಲಿ ತೂತು ಮಾಡಿ ಸೀಸದ ಗುಂಡು ಇಡಬೇಕು. ನೀರು ಕುಡಿಯದ ಹಾಗೆ ಮರಕ್ಕೆ ಲೇಪ ಕೊಡಬೇಕು. ಅಲ್ಯುಮಿನಿಯಂ ಹಾಳೆಯನ್ನು ಅರದ ಮೇಲಿಟ್ಟು ಒತ್ತಿ ಉಜ್ಜಿದರೆ ಅದರ ಮೇಲೆ ಸಣ್ಣ ಸಣ್ಣ ಅಡ್ಡಗೆರೆಗಳು ಮೂಡುತ್ತವೆ. ಆ ಹಾಳೆಯನ್ನು ಎರಡೂ ಪಕ್ಕಕ್ಕೆ ಅಂಟಿಸಿದರೆ ಬೆಳಕು ಬಿದ್ದಾಗ ಮೀನಿನ ಹಾಗೆ ಮಿಂಚುತ್ತದೆ. ಆಮೇಲೆ ಬಣ್ಣ. ಬೆನ್ನಿಗೆ ಕಡುಹಸಿರು, ಪಕ್ಕಕ್ಕೆ ಬೆಳ್ಳಿ, ಹೊಟ್ಟೆಗೆ ಬಿಳಿ. ಹುರುಪೆ ಮೂಡಿಸುವ ಉಪಾಯ ಇನ್ನೂ ಚೆನ್ನಾಗಿದೆ: ಮೀನಿನ ಮೈಗೆ ಸಣ್ಣ ಕಣ್ಣಿನ ಬಲೆಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಮೇಲಿನಿಂದ ಏರ್‌ಬ್ರಷ್‌ನಲ್ಲಿ ಬಣ್ಣ ಸಿಂಪಡಿಸಿ, ಬಟ್ಟೆ ಬಿಚ್ಚಿದರೆ ಆಯಿತು, ನೂರಾರು ಹುರುಪೆ ಒಂದೇ ಸಲಕ್ಕೆ ಎದ್ದು ನಿಲ್ಲುತ್ತವೆ. ಕೊನೆಗೆ ಕಿವಿರಿನ ಹತ್ತಿರ ಒಂದು ಕೆಂಪು ಗೀರು, ಬಾಲದ ಹತ್ತಿರ ಒಂದು ಕಪ್ಪು ಮಚ್ಚೆ, ಕಣ್ಣು. ಅವನು ಮಾಡುತ್ತಿದ್ದದ್ದು ಸೂಸಲು ಮೀನು.

ಮೊದಲ ಸಲ ಆ ಬಲೆ ಬಿಚ್ಚಿದಾಗ ನಾನು ನಿಜವಾಗಿ ಬೆರಗಾದೆ. “ಇದನ್ನು ನೋಡಿದರೆ ಯಾವ ಮೀನು ತಾನೇ ಮೋಸ ಹೋಗಲ್ಲ?” ಅಂದೆ. ಅವನು ನಕ್ಕ. “ಹುರುಪೆ ಮೀನಿಗಲ್ಲ ಮಾರಾಯ, ನಂಗೆ. ಮೀನು ಇಷ್ಟು ಹತ್ತಿರದಿಂದ ನಿಂತು ನೋಡೋದೇ ಇಲ್ಲ” ಎಂದ.

ಆ ಹೊತ್ತಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಕೋಷ್ಟಕ ತೆರೆದಿತ್ತು. ಇಪ್ಪತ್ತೊಂದನೇ ಶತಮಾನದ ಕನ್ನಡ ಕಥೆಗಳಲ್ಲಿ ಸ್ಥಳೀಯ ವಿವರಗಳು ಎಂಬ ವಿಷಯಕ್ಕೆ ನಾನು ಒಂದೊಂದು ಕಥೆಯಲ್ಲೂ ಆಡುನುಡಿಯ ಪದಗಳೆಷ್ಟು, ಅಡುಗೆಯ ಹೆಸರುಗಳೆಷ್ಟು, ಕೃಷಿ ಸಲಕರಣೆಗಳೆಷ್ಟು, ಗಿಡಮರಗಳೆಷ್ಟು ಎಂದು ಎಣಿಸಿ ಬರೆದುಕೊಂಡಿದ್ದೆ. ವಿವರ ದಟ್ಟವಾದಷ್ಟೂ ವಾಸ್ತವ ದಟ್ಟ ಎನ್ನುವುದು ನನ್ನ ಮೂರನೇ ಅಧ್ಯಾಯದ ಆಧಾರ. ಅದನ್ನು ನಾನು ಎಲ್ಲೂ ಹೀಗೆ ಬಿಡಿಸಿ ಬರೆದಿರಲಿಲ್ಲ, ಆದರೆ ಕೋಷ್ಟಕ ಅದನ್ನೇ ಹೇಳುತ್ತಿತ್ತು. ನಾನು ಎಣಿಸುತ್ತಿದ್ದದ್ದು ಹುರುಪೆಗಳನ್ನು.

ಹುರುಪೆಯ ಚರಿತ್ರೆಯನ್ನೇ ಸ್ವಲ್ಪ ನೋಡೋಣ. ಅಮೆರಿಕದ ಇಂಡಿಯಾನಾ ರಾಜ್ಯದ ಗ್ಯಾರೆಟ್ ಎಂಬ ಸಣ್ಣ ಊರಿನಲ್ಲಿ 1916ರಲ್ಲಿ ಕ್ರೀಕ್ ಚಬ್ ಬೇಟ್ ಕಂಪನಿ ಶುರುವಾಯಿತು. ಮರದ ಹುಸಿಮೀನುಗಳು ಆಗಲೇ ಇದ್ದವು, ಮಿಶಿಗನ್ನಿನ ಜೇಮ್ಸ್ ಹೆಡನ್ ಮುಂತಾದವರು ಅವುಗಳನ್ನು ಮಾರುತ್ತಿದ್ದರು. ಬಲೆಯ ಮೂಲಕ ಬಣ್ಣ ಸಿಂಪಡಿಸಿ ಸಹಜವೆನ್ನಿಸುವ ಹುರುಪೆ ಮೂಡಿಸುವುದಕ್ಕೆ ಹೆಸರಾದದ್ದು ಕ್ರೀಕ್ ಚಬ್. ಅಂಗಡಿಯ ಗಾಜಿನ ಹಿಂದೆ ಮೀನು ಮೀನಿನಂತೆಯೇ ಕಂಡಿತು, ಜನ ಕೊಂಡರು. 1932ರ ಜೂನ್ 2ರಂದು ಜಾರ್ಜಿಯಾದ ಮಾಂಟ್‌ಗೊಮರಿ ಸರೋವರದಲ್ಲಿ ಜಾರ್ಜ್ ಪೆರಿ ಎಂಬ ಯುವಕ ಇದೇ ಕಂಪನಿಯ ಹುಸಿಮೀನು ಎಸೆದು 22 ಪೌಂಡು 4 ಔನ್ಸಿನ, ಎಂದರೆ ಸುಮಾರು 10 ಕೆ.ಜಿ.ಯ ಬ್ಯಾಸ್ ಮೀನನ್ನು ಹಿಡಿದ. ಬಣ್ಣ ಹಚ್ಚಿದ ಮರದ ತುಂಡು ಹಿಡಿದ ಆ ಮೀನಿನ ದಾಖಲೆ ಎಪ್ಪತ್ತೇಳು ವರ್ಷ ಹಾಗೇ ಉಳಿಯಿತು. 2009ರ ಜುಲೈ 2ರಂದು ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರೀತಾ ಅದೇ ಜಾತಿಯ ಮೀನೊಂದನ್ನು ಹಿಡಿದಾಗ ಅದು ಪೆರಿಯ ಮೀನಿಗಿಂತ ಒಂದು ಔನ್ಸಿನಷ್ಟೇ ಹೆಚ್ಚು ತೂಗಿತು. ಹಳೆಯ ದಾಖಲೆ ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕೆಂಬುದು ನಿಯಮ, ಹಾಗಾಗಿ ಇಬ್ಬರನ್ನೂ ಸಮ ಎಂದು ಘೋಷಿಸಿದರು. ಕುರೀತಾ ಗಾಳಕ್ಕೆ ಹಾಕಿದ್ದದ್ದು ಜೀವಂತ ಮೀನು.

ಅನುಕೃತಿಗೂ ಮೂಲಕ್ಕೂ ನಡೆದ ಪಂದ್ಯ ಸಮವಾಯಿತು ಎಂದು ಇದನ್ನು ಓದಬಹುದು, ಓದಿ ಸಂತೋಷಪಡಬಹುದು. ಹಾಗೆ ಓದಿದರೆ ಹುರುಪೆಗೆ ಗೆಲುವಿನಲ್ಲಿ ಪಾಲು ಕೊಟ್ಟಂತಾಗುತ್ತದೆ. ಆ ಪಾಲು ನ್ಯಾಯವೇ?

ಇಲ್ಲಿ ಫಿನ್ಲೆಂಡಿನ ಲೌರಿ ರಪಾಲ ಬರುತ್ತಾನೆ. ಬಡ ಮೀನುಗಾರ. ಪೈಯಾನ್ನೆ ಸರೋವರದಲ್ಲಿ ದೋಣಿಯಲ್ಲಿ ಕೂತು ಅವನು ಗಮನಿಸಿದ ಸಂಗತಿ ಇದು: ದೊಡ್ಡ ಮೀನು ಸಣ್ಣ ಮೀನುಗಳ ಹಿಂಡಿನ ಮೇಲೆ ನುಗ್ಗುವಾಗ ಸಿಕ್ಕಿದ್ದಕ್ಕೆ ಬಾಯಿ ಹಾಕುವುದಿಲ್ಲ. ಹಿಂಡಿನಲ್ಲಿ ಯಾವುದೋ ಒಂದು ಗಾಯಗೊಂಡು ವಾಲಾಡುತ್ತಾ ಈಜುತ್ತಿರುತ್ತದಲ್ಲ, ಅದಕ್ಕೇ ಬಾಯಿ ಹಾಕುತ್ತದೆ. 1936ರಲ್ಲಿ ಅವನು ಚಮ್ಮಾರರ ಚಾಕುವಿನಿಂದ ಬೆಂಡನ್ನು ಕೆತ್ತಿ, ಚಾಕೊಲೇಟಿನ ಬೆಳ್ಳಿಕಾಗದ ಸುತ್ತಿ, ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಬಳಿದು ಒಂದು ಹುಸಿಮೀನು ಮಾಡಿದ. ಅದರ ಮೈಮೇಲಿನ ಚಿತ್ತಾರ ಅಂಥ ದೊಡ್ಡದೇನಲ್ಲ. ಆದರೆ ಎಳೆದರೆ ಅದು ಗಾಯಗೊಂಡ ಮೀನಿನ ಹಾಗೆ ವಾಲುತ್ತಿತ್ತು. 1962ರ ಆಗಸ್ಟಿನಲ್ಲಿ ‘ಲೈಫ್’ ಪತ್ರಿಕೆ ಅದರ ಬಗ್ಗೆ ಲೇಖನ ಪ್ರಕಟಿಸಿತು. ಆಗಷ್ಟೇ ತೀರಿಕೊಂಡಿದ್ದ ಮರ್ಲಿನ್ ಮನ್ರೋ ಮುಖಪುಟದಲ್ಲಿದ್ದುದರಿಂದ ಆ ಸಂಚಿಕೆ ಮನೆಮನೆ ಸೇರಿತು, ರಪಾಲನ ಮನೆಗೆ ಬೇಡಿಕೆಯ ಮಹಾಪೂರ ಬಂತು.

ರಪಾಲ ಅನುಕರಿಸಿದ್ದು ಮೀನಿನ ರೂಪವನ್ನಲ್ಲ, ಮೀನಿಗೆ ಒದಗಿದ್ದ ಸ್ಥಿತಿಯನ್ನು. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿ 1973ರಲ್ಲಿ ನೊಬೆಲ್ ಪಡೆದ ನಿಕೊ ಟಿನ್‌ಬರ್ಗೆನ್‌ರ ಪ್ರಯೋಗಗಳೂ ಇದೇ ದಿಕ್ಕಿನವು. ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿನ ಗಂಡಿಗೆ ಮರಿ ಮಾಡುವ ಕಾಲದಲ್ಲಿ ಹೊಟ್ಟೆ ಕೆಂಪಾಗುತ್ತದೆ, ಆಗ ಅದು ಬೇರೆ ಗಂಡುಗಳನ್ನು ಕಂಡರೆ ಮೇಲೆ ಬೀಳುತ್ತದೆ. ಅದರ ಮುಂದೆ ಹುಬೇಹೂಬು ಸ್ಟಿಕಲ್‌ಬ್ಯಾಕಿನ ಹಾಗಿರುವ, ಆದರೆ ಹೊಟ್ಟೆ ಕೆಂಪಿಲ್ಲದ ಬೊಂಬೆ ಹಿಡಿದರೆ ಅಷ್ಟಾಗಿ ಕೆರಳಲಿಲ್ಲ. ಮೀನಿನಂತೆ ಕಾಣದ, ಕೆಳಭಾಗ ಮಾತ್ರ ಕೆಂಪಾಗಿರುವ ಒರಟು ಬೊಂಬೆಗಳಿಗೆ ಕೆರಳಿ ನುಗ್ಗಿತು. ನೂರು ವಿವರಗಳಲ್ಲಿ ಒಂದು ಮಾತ್ರ ಅದಕ್ಕೆ ಜೀವನ್ಮರಣದ ಪ್ರಶ್ನೆ. ಉಳಿದ ತೊಂಬತ್ತೊಂಬತ್ತು ನಮ್ಮ ಕಣ್ಣಿನ ಸುಖಕ್ಕೆ.

ಬಣ್ಣದ ವಿಷಯದಲ್ಲಿ ಇನ್ನೂ ಒಂದು ವಿಚಿತ್ರವಿದೆ. ಮೀನಿನ ಬೆನ್ನು ಕಪ್ಪು, ಹೊಟ್ಟೆ ಬಿಳಿ ಯಾಕೆ ಎಂಬುದನ್ನು ವಿವರಿಸಿದವರಲ್ಲಿ ಮುಖ್ಯನಾದವನು ಅಬ್ಬಟ್ ಥೇಯರ್. ಅವನು ವಿಜ್ಞಾನಿಯಲ್ಲ, ಅಮೆರಿಕದ ಚಿತ್ರಕಾರ. ಚಪ್ಪಟೆ ಕ್ಯಾನ್ವಾಸಿನ ಮೇಲೆ ಉಬ್ಬು ತೋರಿಸಲು ಚಿತ್ರಕಾರ ಮೇಲೆ ಬೆಳಕು, ಕೆಳಗೆ ನೆರಳು ಹಾಕುತ್ತಾನೆ. ಪ್ರಕೃತಿ ಇದನ್ನು ತಿರುವುಮುರುವು ಮಾಡಿದೆ ಎಂದು ಥೇಯರ್ 1896ರಲ್ಲಿ ಬರೆದ. ಮೇಲಿನಿಂದ ಬಿಸಿಲು ಬೀಳುವ ಕಡೆ ಮೈ ಕಪ್ಪು, ನೆರಳು ಬೀಳುವ ಕಡೆ ಮೈ ಬಿಳಿ. ಒಂದನ್ನೊಂದು ಹೊಡೆದುಹಾಕಿ ಪ್ರಾಣಿಯ ಉಬ್ಬು ಅಳಿಸಿಹೋಗುತ್ತದೆ, ಅದು ಕಾಣದಂತಾಗುತ್ತದೆ. ಅಂದಮೇಲೆ ಮೀನಿನ ಮೈಬಣ್ಣ ಇರುವುದೇ ಮರೆಯಾಗಲಿಕ್ಕೆ. ಹುಸಿಮೀನು ಮಾಡುವವನು ಆ ಬಣ್ಣವನ್ನು ಶ್ರದ್ಧೆಯಿಂದ ನಕಲು ಮಾಡುತ್ತಾನೆ, ಆದರೆ ಅವನ ಮೀನಿನ ಹುಟ್ಟಿನ ಉದ್ದೇಶವೇ ಬೇಟೆಮೀನಿನ ಕಣ್ಣಿಗೆ ಬೀಳುವುದು. ಪೂರ್ತಿ ನಿಜವಾದ ಹುಸಿಮೀನು ಪೂರ್ತಿ ಅಡಗಿಕೊಂಡುಬಿಡುತ್ತದೆ. ಅದಕ್ಕೇ ಕೈಪಳಗಿದವರು ಎಲ್ಲೋ ಒಂದು ಕಡೆ ಬೇಕೆಂದೇ ಸುಳ್ಳು ಹೇಳುತ್ತಾರೆ: ಕಣ್ಣು ಇರಬೇಕಾದ್ದಕ್ಕಿಂತ ದೊಡ್ಡದು, ಪಕ್ಕದ ಮಿಂಚು ಇರಬೇಕಾದ್ದಕ್ಕಿಂತ ಹೆಚ್ಚು. ಕಿವಿರಿನ ಕೆಂಪೂ ಹಾಗೆಯೇ. ನೀರು ಬೆಳಕಿನಲ್ಲಿ ಮೊದಲು ನುಂಗುವ ಬಣ್ಣ ಕೆಂಪು. ಟ್ಯೂಬ್‌ಲೈಟಿನ ಕೆಳಗೆ ನಾನು ಮೆಚ್ಚಿದ ಆ ಕೆಂಪು ಗೀರು ಆಳಕ್ಕಿಳಿದರೆ ಬರೀ ಕಪ್ಪು ಛಾಯೆ.

ಹಾಗಾದರೆ ಹುಸಿಮೀನು ಯಾರ ಕಣ್ಣಿಗೆ ನಿಜ? ಈ ಪ್ರಶ್ನೆ ನಮ್ಮ ಕಾವ್ಯಮೀಮಾಂಸೆಗೆ ಹೊಸದಲ್ಲ. ನಟ ರಾಮನನ್ನು ಅನುಕರಿಸುತ್ತಾನೆ, ಆ ಅನುಕರಣವೇ ರಸಕ್ಕೆ ಆಧಾರ ಎಂದು ಶ್ರೀಶಂಕುಕ ವಾದಿಸಿದ. ಅಭಿನವಗುಪ್ತನ ಗುರು ಭಟ್ಟತೌತ ಇದಕ್ಕೆ ಹಾಕಿದ ಸವಾಲು ‘ಅಭಿನವಭಾರತಿ’ಯಲ್ಲಿದೆ: ಅನುಕರಣ ಅನ್ನುತ್ತೀಯಲ್ಲ, ಯಾರ ದೃಷ್ಟಿಯಿಂದ? ನೋಡುವವನ ದೃಷ್ಟಿಯಿಂದಲೋ, ನಟನ ದೃಷ್ಟಿಯಿಂದಲೋ, ಹೊರಗೆ ಕೂತು ವಿವೇಚಿಸುವ ವ್ಯಾಖ್ಯಾನಕಾರನ ದೃಷ್ಟಿಯಿಂದಲೋ? ಎಂ.ಎ. ತರಗತಿಯಲ್ಲಿ ಇದನ್ನು ಪರೀಕ್ಷೆಗೆಂದು ಉರು ಹೊಡೆದಿದ್ದೆ. ಅದು ಬದುಕಿರುವ ಪ್ರಶ್ನೆ ಅಂತ ಅರ್ಥವಾದದ್ದು ಹಾಸ್ಟೆಲಿನಲ್ಲಿ. ನೋಡುವವನ ಜಾಗದಲ್ಲಿ ಮೀನನ್ನು, ನಟನ ಜಾಗದಲ್ಲಿ ನನ್ನ ಗೆಳೆಯನನ್ನು, ವ್ಯಾಖ್ಯಾನಕಾರನ ಜಾಗದಲ್ಲಿ ನನ್ನನ್ನು ಇಟ್ಟು ನೋಡಿದೆ. ಮೂವರಿಗೂ ನಿಜವೆಂದರೆ ಬೇರೆ ಬೇರೆ. ಹುರುಪೆ ಕಂಡು ಮೋಸ ಹೋದವನು ಆ ಮೂವರಲ್ಲಿ ನಾನೊಬ್ಬನೇ.

ಇಷ್ಟಾದರೆ ಇದು ತಮಾಷೆಯ ಮಾತಾಗಿ ಮುಗಿಯುತ್ತಿತ್ತು. ಮುಗಿಯಲಿಲ್ಲ, ಯಾಕೆಂದರೆ ಅದೇ ಬೇಸಿಗೆಯಲ್ಲಿ ನನ್ನದೊಂದು ಕಥೆ ಪ್ರಕಟವಾಗಿತ್ತು. ತೀರಿಕೊಂಡ ನನ್ನ ಅಜ್ಜಿಯ ಬಗ್ಗೆ ಬರೆದದ್ದು. ಅಜ್ಜಿಯ ಎಲೆಅಡಿಕೆ ಚೀಲ, ಒನಕೆ, ಹುರುಳಿಕಾಳಿನ ಬಸ್ಸಾರು, ಹಾಸನದ ಕಡೆಯ ಮಾತು, ಎಲ್ಲವನ್ನೂ ಜೋಡಿಸಿಟ್ಟಿದ್ದೆ. ಓದಿದವರು ‘ಎಂಥ ದಟ್ಟ ವಿವರ’ ಎಂದು ಹೊಗಳಿದರು. ನನ್ನ ಕೋಷ್ಟಕಕ್ಕೆ ನನ್ನ ಕಥೆಯನ್ನೇ ಹಾಕಿದ್ದರೆ ಮೊದಲ ಐದರಲ್ಲಿ ಬರುತ್ತಿತ್ತು. ಊರಿಗೆ ಹೋದಾಗ ಕಥೆಯನ್ನು ಅತ್ತೆಗೆ ಓದಿ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿಸಿಕೊಂಡು, “ಎಲ್ಲಾ ಸರಿಯಾಗೈತೆ ಕಣ್ ಮಗ. ಆದ್ರೆ ಅವ್ವ ಹಂಗೆ ನಡೀತಿರ್ಲಿಲ್ಲ” ಅಂದರು.

ಕಥೆಯಲ್ಲಿ ಅಜ್ಜಿ ಬೆನ್ನು ಬಾಗಿಸಿ, ಕೋಲೂರಿ, ನಿಂತು ನಿಂತು ನಡೆಯುತ್ತಾಳೆ. “ಅವ್ವ ನಡೆದ್ರೆ ಹಿಂದ್ಗಡೆ ಬರೋರು ಓಡ್ಬೇಕಿತ್ತು” ಎಂದರು ಅತ್ತೆ. ಅದು ನಿಜ. ಸಂತೆಗೆ ಹೋಗುವಾಗ ಅವಳ ಸೆರಗು ಹಿಡಿದು ಓಡಿದ್ದು ನನಗೇ ನೆನಪಿದೆ. ಗಂಡ ತೀರಿಕೊಂಡ ಮೇಲೆ ಮೂರು ಮಕ್ಕಳನ್ನು ಕಟ್ಟಿಕೊಂಡು ಮೂರು ಹೊಲದಲ್ಲಿ ಕೂಲಿ ಮಾಡಿದವಳಿಗೆ ನಿಧಾನಕ್ಕೆ ನಡೆಯಲು ಪುರುಸೊತ್ತೆಲ್ಲಿತ್ತು? ಹಾಗಿದ್ದರೂ ನಾನು ಯಾಕೆ ಹಾಗೆ ಬರೆದೆ? ಕಥೆಗಳಲ್ಲಿ ಅಜ್ಜಿಯರು ಹಾಗೆ ನಡೆಯುತ್ತಾರೆ, ಅದಕ್ಕೆ. ಬಲೆಬಟ್ಟೆ ಸುತ್ತಿ ಸಿಂಪಡಿಸಿದ್ದೆ. ನಿಜವಾದ ಮೀನಿನ ಮೈಮೇಲೆ ಹುರುಪೆಗಳು ಎಲ್ಲ ಕಡೆ ಒಂದೇ ಅಳತೆ ಇರುವುದಿಲ್ಲ, ಬಾಲದ ಕಡೆ ಹೋದಂತೆ ಸಣ್ಣದಾಗುತ್ತವೆ. ಬಲೆಯ ಕಣ್ಣು ಮಾತ್ರ ಎಲ್ಲ ಕಡೆ ಒಂದೇ.

ಪ್ಲಿನಿ ಹೇಳುವ ಜ್ಯೂಕ್ಸಿಸ್‌ನ ಕತೆ ಗೊತ್ತಿರುವವರಿಗೆ ಅವನು ಬರೆದ ದ್ರಾಕ್ಷಿಯನ್ನು ಹಕ್ಕಿಗಳು ಕುಕ್ಕಿದ್ದು ಗೊತ್ತಿರುತ್ತದೆ. ಅದೇ ಚಿತ್ರಕಾರನ ಬಗ್ಗೆ ಪ್ಲಿನಿ ಇನ್ನೊಂದು ಕತೆಯನ್ನೂ ಹೇಳುತ್ತಾನೆ. ಆಮೇಲೆ ಜ್ಯೂಕ್ಸಿಸ್ ದ್ರಾಕ್ಷಿ ಹೊತ್ತ ಹುಡುಗನ ಚಿತ್ರ ಬರೆದ. ಆಗಲೂ ಹಕ್ಕಿಗಳು ಬಂದವು. ಈ ಸಲ ಅವನಿಗೆ ಸಂತೋಷವಾಗಲಿಲ್ಲ, ತನ್ನ ಮೇಲೆಯೇ ಸಿಟ್ಟು ಬಂತು. ದ್ರಾಕ್ಷಿ ಚೆನ್ನಾಗಿ ಬಂದಿದೆ, ಹುಡುಗ ಬಂದಿಲ್ಲ, ಹುಡುಗನೂ ಅಷ್ಟೇ ಚೆನ್ನಾಗಿ ಬಂದಿದ್ದರೆ ಹಕ್ಕಿಗಳು ಹೆದರಿ ದೂರವಿರುತ್ತಿದ್ದವು ಎಂದುಕೊಂಡ. ನನ್ನ ಬಸ್ಸಾರು, ಒನಕೆಗಳಿಗೆ ಓದುಗರು ಬಂದು ಕುಕ್ಕಿದರು. ಅಜ್ಜಿ ಅಲ್ಲಿರಲಿಲ್ಲ.

ಇದು ನನ್ನೊಬ್ಬನ ಸೋಲಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಈಚಿನ ಕಥೆಗಳನ್ನು, ಕಥಾಸ್ಪರ್ಧೆಗಳಿಗೆ ನಾವು ನಾವೇ ಬರೆದು ಕಳಿಸುವ ಕಥೆಗಳನ್ನು ಓದುವಾಗ ಒಂದು ಅನುಮಾನ ಕಾಡುತ್ತದೆ. ಊರಿನಿಂದ ಬಂದ ನಾವು ಊರಿನ ವಿವರಗಳನ್ನು ಬರೆಯುವುದು ಊರಿನವರಿಗಾಗಿ ಅಲ್ಲ. ಅಂಗಡಿಯ ಗಾಜಿನ ಮುಂದೆ ನಿಂತಿರುವವರಿಗಾಗಿ: ತೀರ್ಪುಗಾರರು, ಸಂಪಾದಕರು, ನನ್ನಂಥ ಸಂಶೋಧಕರು. ಅವರು ಹುರುಪೆ ನೋಡಿ ಮೆಚ್ಚುತ್ತಾರೆ. ಗೆಳೆಯನ ಮಾತಿನಲ್ಲಿ ಹೇಳುವುದಾದರೆ ಅವರು ಹಿಡಿಯುವವರು, ಈಜುವವರಲ್ಲ.

ಹಾಗೆಂದು ವಿವರವೇ ಬೇಡ ಎಂದರೆ ಅದು ಇನ್ನೊಂದು ತಪ್ಪು. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ನನ್ನ ಕೋಷ್ಟಕದ ಕಾಲಕ್ಕೆ ಸೇರಿದ್ದಲ್ಲ, ಆದರೂ ಅದನ್ನು ಮತ್ತೆ ಓದಿದೆ. ನಂಜನಗೂಡು ಕಡೆಯ ಆಡುಮಾತು ಅಲ್ಲಿ ಎಷ್ಟು ದಟ್ಟವೆಂದರೆ ನನ್ನ ಹಾಸನದ ಕಿವಿಗೂ ಮೊದಲ ಪುಟಗಳಲ್ಲಿ ತಡವರಿಕೆಯಾಗುತ್ತದೆ. ಆದರೆ ಆ ಮಾತನ್ನು ಒಣಗಿದ ಮೈಮೇಲೆ ಸಿಂಪಡಿಸಿದ್ದು ಅಂತ ಎಲ್ಲೂ ಅನ್ನಿಸುವುದಿಲ್ಲ. ಕಥನ ನಡೆಯುವುದೇ ಆ ಮಾತಿನ ಉಸಿರಿನಲ್ಲಿ. ಅಲ್ಲಿ ಜೋತಮ್ಮಗಳು ಸೇರಿ ಮಾತಾಡುತ್ತವೆ, ಮಂಚ ಮಾತಾಡುತ್ತದೆ. ವಾಸ್ತವದ ಲೆಕ್ಕದಲ್ಲಿ ಮಂಚಕ್ಕೆ ಬಾಯಿಲ್ಲ. ಆದರೆ ಆ ಲೋಕದ ನೋವು ನಡೆಯುವ ರೀತಿ, ಒಂದು ಕೊಲೆಯನ್ನು ಊರು ಬಾಯಿಬಿಡದೆ ಹೊತ್ತುಕೊಂಡಿರುವ ರೀತಿ, ಅದಕ್ಕೆ ಮಂಚವೇ ಬಾಯಿ ತೆರೆಯಬೇಕಾಯಿತು ಅನ್ನಿಸುತ್ತದೆ. ಇರಬೇಕಾದ್ದಕ್ಕಿಂತ ದೊಡ್ಡದಾಗಿ ಬರೆದ ಕಣ್ಣು ಅದು. ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲೂ ಜೇನು, ಕಾಡು, ಮೂಡಿಗೆರೆಯ ಮಳೆ ಎಲ್ಲ ಕಣ್ಣಿಗೆ ಕಟ್ಟುತ್ತವೆ. ಕೊನೆಗೆ ಹುಡುಕಿಹೋದ ಹಾರುವ ಓತಿ ಮಾತ್ರ ಕೈಗೆ ಸಿಗದೆ ಹಾರಿಹೋಗುತ್ತದೆ. ಗಾಳ ಹಿಡಿದು ಗಂಟೆಗಟ್ಟಲೆ ಕೂತು ಅಭ್ಯಾಸವಿದ್ದ ಲೇಖಕನಿಗೆ, ವಿವರಗಳನ್ನೆಲ್ಲ ಸರಿಯಾಗಿ ಹೆಣೆದರೂ ಮುಖ್ಯವಾದದ್ದು ತಪ್ಪಿಸಿಕೊಳ್ಳಬಹುದು ಎಂದು ಗೊತ್ತಿತ್ತೇನೋ.

ಈ ಹೋಲಿಕೆಗೊಂದು ಮಿತಿಯಿದೆ, ಅದನ್ನು ಒಪ್ಪಿಕೊಳ್ಳಬೇಕು. ಹುಸಿಮೀನಿಗೆ ಕೊಕ್ಕೆ ಇದೆ. ಮೀನು ಒಪ್ಪಿ ಬರುವುದಿಲ್ಲ, ಮೋಸ ಹೋಗಿ ಬರುತ್ತದೆ. ಓದುಗ ಹಾಗಲ್ಲ. ಶಂಕುಕನ ವಾದವನ್ನು ಭಟ್ಟತೌತ ಖಂಡಿಸಿದರೂ ಶಂಕುಕ ಕೊಟ್ಟ ಒಂದು ಹೋಲಿಕೆ ಮಾತ್ರ ಇವತ್ತಿಗೂ ಉಳಿದುಕೊಂಡಿದೆ: ಚಿತ್ರದ ಕುದುರೆ. ಚಿತ್ರದಲ್ಲಿ ಕುದುರೆ ಕಂಡಾಗ ನಾವು ಇದು ನಿಜವಾದ ಕುದುರೆ ಎಂದಾಗಲಿ, ಸುಳ್ಳು ಕುದುರೆ ಎಂದಾಗಲಿ, ಕುದುರೆಯೋ ಅಲ್ಲವೋ ಎಂದಾಗಲಿ, ಕುದುರೆಯ ಹಾಗಿರುವ ಇನ್ನೇನೋ ಎಂದಾಗಲಿ ತಿಳಿಯುವುದಿಲ್ಲ. ಈ ನಾಲ್ಕಕ್ಕೂ ಸೇರದ ಇನ್ನೊಂದು ತಿಳಿವಳಿಕೆಯಲ್ಲಿ ‘ಇದು ಕುದುರೆ’ ಅನ್ನುತ್ತೇವೆ. ಮೀನಿಗೆ ಈ ಐದನೆಯ ದಾರಿ ಇಲ್ಲ, ಓದುಗರಿಗಿದೆ. ಹಾಗಾಗಿ ವಾಸ್ತವವಾದಿ ಕಥೆಗಾರ ಓದುಗರಿಗೆ ಮೋಸ ಮಾಡುತ್ತಾನೆ ಎಂಬ ಹಳೆಯ ಆರೋಪ ನನಗೆ ಒಪ್ಪಿಗೆಯಿಲ್ಲ. ನನ್ನ ಆತಂಕ ಬೇರೆಯದು. ಓದುಗರು ಗೊತ್ತಿದ್ದೂ ಒಳಗೆ ಬಂದವರು. ಚಿತ್ರಕ್ಕೆ ಮಾದರಿಯಾದವರನ್ನು ಯಾರೂ ಕೇಳಿರುವುದಿಲ್ಲ. ಸೂಸಲು ಮೀನು ತನ್ನ ಚಿತ್ರ ನೋಡಿ ‘ನಾನು ಹೀಗೆ ಈಜುವುದಿಲ್ಲ’ ಅನ್ನಲಾರದು. ನನ್ನ ಅಜ್ಜಿಯೂ ಹೇಳಲಾರಳು. ಹೇಳಲು ಅತ್ತೆ ಇದ್ದರು ಎನ್ನುವುದು ನನ್ನ ಪುಣ್ಯ. ಎಷ್ಟೋ ಕಥೆಗಳಿಗೆ ಅಂಥ ಅತ್ತೆಯರಿಲ್ಲ. ವಿಮರ್ಶೆ ಮಾಡಬೇಕಾದ ಕೆಲಸ ಅದು ಎಂದು ಈಗ ಅನ್ನಿಸುತ್ತದೆ. ವಿವರ ಎಷ್ಟಿದೆ ಎಂದು ಎಣಿಸುವ ಬದಲು, ಈ ವಿವರ ಯಾರ ಕಣ್ಣಿಗೆ ಬರೆದದ್ದು, ಇದರ ಮನುಷ್ಯರು ತಮ್ಮ ನಡಿಗೆಯಲ್ಲೇ ನಡೆಯುತ್ತಿದ್ದಾರೆಯೇ ಎಂದು ಕೇಳುವುದು.

ಮಳೆಗಾಲ ಮುಗಿದ ಮೇಲೆ ಗೆಳೆಯನ ಜೊತೆ ಅವನ ಊರಿಗೆ ಹೋದೆ. ಹಿನ್ನೀರಿನ ಅಂಚಿನಲ್ಲಿ ಅವನು ಪೆಟ್ಟಿಗೆ ತೆರೆದಾಗ ನಾನು ಮೆಚ್ಚಿದ್ದ ಸೂಸಲು ಮೀನು ಹೊಳೆಯುತ್ತಿತ್ತು. ಅವನು ಅದನ್ನು ಬಿಟ್ಟು ಇನ್ನೊಂದನ್ನು ತೆಗೆದ. ಹಳೆಯದು, ಮುರ್ರೆಲ್ ಮೀನುಗಳು ಕಚ್ಚಿ ಕಚ್ಚಿ ಬಣ್ಣವೆಲ್ಲ ಎದ್ದುಹೋಗಿ ಅರ್ಧ ಬರೀ ಮರ. “ಇದಾ?” ಅಂದೆ. “ಇದು ಸರಿಯಾಗಿ ಈಜತ್ತೆ” ಅಂದ. ಹೊಸದನ್ನು ಬಟ್ಟಲಿನ ನೀರಿನಲ್ಲಿ ಎಳೆದು ತೋರಿಸಿದ. ಅದು ನೆಟ್ಟಗೆ, ಚೆಂದವಾಗಿ, ಗೊಂಬೆಯ ಹಾಗೆ ಬಂತು. ಹೊಟ್ಟೆಯ ಸೀಸ ಕೂದಲೆಳೆಯಷ್ಟು ಹಿಂದಾಗಿದೆಯಂತೆ, ಬಿಚ್ಚಿ ಸರಿ ಮಾಡಬೇಕು, ಅಂದರೆ ಬಣ್ಣವನ್ನೆಲ್ಲ ಕೆರೆದು ಮರದಿಂದ ಶುರು ಮಾಡಬೇಕು. ಅವನಿಗೆ ಅದರಿಂದ ಬೇಜಾರಾದಂತೆ ಕಾಣಲಿಲ್ಲ.

ನಾನು ಮೂರನೇ ಅಧ್ಯಾಯದ ಕೋಷ್ಟಕವನ್ನು ತೆಗೆದುಹಾಕಿದ್ದೇನೆ. ಹದಿನಾಲ್ಕು ಪುಟ ಹೋಯಿತು. ಮಾರ್ಗದರ್ಶಕರಿಗೆ ಕಾರಣ ಹೇಳುವಾಗ ಅತ್ತೆಯ ಮಾತು ಹೇಳಿದೆ, ಮೀನಿನ ವಿಷಯ ಹೇಳಲಿಲ್ಲ. ಅಜ್ಜಿಯ ಕಥೆಯನ್ನು ಮತ್ತೆ ಬರೆಯುತ್ತಿದ್ದೇನೆ. ಈಗಿನ ಕರಡಿನಲ್ಲಿ ಬಸ್ಸಾರಿಲ್ಲ, ಒನಕೆಯಿಲ್ಲ. ಒಬ್ಬ ಹೆಂಗಸು ಸಂತೆಯ ದಾರಿಯಲ್ಲಿ ಬಿರಬಿರನೆ ಹೋಗುತ್ತಿದ್ದಾಳೆ, ಒಂದು ಮಗು ಹಿಂದೆ ಓಡುತ್ತಿದೆ. ಇನ್ನೂ ಅವಳನ್ನು ಹಿಡಿಯಲು ಆಗಿಲ್ಲ.